ಕೈತಪ್ಪಿದ ಕೆಥೆಡ್ರಲ್, ಗಲ್ಲಿಯ ಚ್ಯಾಪೆಲ್

ಹಿರಿಯರು ಕಟ್ಟಿದ ಆರಾಧನಾಲಯ ಕಣ್ಣೆದುರೇ ಇದೆ. ಆದರೆ ಅದರೊಳಗೆ ತಮ್ಮ ರೀತಿಯಲ್ಲಿ ಪ್ರಾರ್ಥಿಸುವಂತಿಲ್ಲ. ಹೀಗಾದಾಗ ಜನರು ಏನು ಮಾಡುತ್ತಾರೆ? ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನ ಇತಿಹಾಸ ಓದುವಾಗ ನಮ್ಮನ್ನು ಕಾಡುವ ಪ್ರಶ್ನೆಯಿದು.

ಅಲ್ಲಿನ ಕ್ರೈಸ್ಟ್ ಚರ್ಚ್ ಕೆಥೆಡ್ರಲನ್ನು ಸುಮಾರು 1030ರಲ್ಲಿ ಸ್ಥಾಪಿಸಿದವನು ಸಿಟ್ರಿಕ್ ಎಂಬ ನಾರ್ಸ್ ದೊರೆ. ಮುಂದೆ ನಾರ್ಮನ್ನರು ಅದನ್ನು ಕಲ್ಲಿನಲ್ಲಿ ಮತ್ತೆ ಕಟ್ಟಿದರು. ಸಮೀಪದಲ್ಲೇ ಸೇಂಟ್ ಪ್ಯಾಟ್ರಿಕ್ಸ್ ಎಂಬ ಎರಡನೆಯ ಕೆಥೆಡ್ರಲ್ ಕೂಡ ಎದ್ದಿತು. ಶತಮಾನಗಳ ಕಾಲ ಎರಡರಲ್ಲೂ ಲ್ಯಾಟಿನ್ ಬಲಿಪೂಜೆ ನಡೆಯಿತು. ಅಷ್ಟರಲ್ಲಿ ಇಂಗ್ಲೆಂಡಿನ ಎಂಟನೆಯ ಹೆನ್ರಿಗೂ ಪೋಪರಿಗೂ ವಿರಸ ಹುಟ್ಟಿತು. 1536ರಲ್ಲಿ ಸೇರಿದ ಡಬ್ಲಿನ್ ಪಾರ್ಲಿಮೆಂಟು ಅರಸನನ್ನೇ ಐರ್ಲೆಂಡಿನ ಚರ್ಚಿನ ಮುಖ್ಯಸ್ಥನನ್ನಾಗಿ ಮಾಡಿತು. ಅರಸನ ಹಿಂದೆ ಕಟ್ಟಡಗಳು ಹೋದವು. ಜನರಲ್ಲಿ ಬಹುಪಾಲು ಹೋಗಲಿಲ್ಲ.

ಹೋಗದವರ ಮೇಲೆ ಕಾನೂನಿನ ಹಿಡಿತ ಬಿಗಿಯಾಗುತ್ತಾ ಬಂತು. 1697ರ ಕಾಯ್ದೆ ಕೆಥೊಲಿಕ್ ಬಿಷಪರನ್ನೂ ಮಠಗಳ ಪಾದ್ರಿಗಳನ್ನೂ ಗಡಿಪಾರು ಮಾಡಿತು. ಉಳಿದ ಪಾದ್ರಿಗಳು ಸರಕಾರದಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕಾಯಿತು. ಹಿತ್ತಿಲ ಗಲ್ಲಿಗಳಲ್ಲಿ, ಮನೆಗಳ ಹಿಂಭಾಗದಲ್ಲಿ, ಹೊರಗಿನಿಂದ ಗುರುತೇ ಸಿಗದಂತಹ ಚ್ಯಾಪೆಲ್‌ಗಳು ಹುಟ್ಟಿಕೊಂಡವು. ಲಿಫಿ ನದಿ ದಂಡೆಯ ಫ್ರಾನ್ಸಿಸ್ಕನ್ ಇಗರ್ಜಿಯನ್ನು ಜನ ಇಂದಿಗೂ 'ಆ್ಯಡಮ್ ಆ್ಯಂಡ್ ಈವ್ಸ್' ಎನ್ನುತ್ತಾರೆ. ಅದು ಆದಿ ದಂಪತಿಗಳ ಸ್ಮರಣೆಗೆ ಇಟ್ಟ ಹೆಸರಲ್ಲ. ಆ ಹೆಸರಿನ ಹೆಂಡದಂಗಡಿಗೆ ಹೋಗುವವರಂತೆ ನಟಿಸಿ ಭಕ್ತರು ಒಳಗಿನ ಚ್ಯಾಪೆಲ್ ಸೇರುತ್ತಿದ್ದರಂತೆ! 1782ರಲ್ಲಿ ಕಾನೂನು ಸಡಿಲವಾದಾಗಲೂ ಗೋಪುರ ಮತ್ತು ಗಂಟೆ ಇರುವ ಚ್ಯಾಪೆಲ್‌ಗೆ ರಿಯಾಯಿತಿ ಸಿಗಲಿಲ್ಲ. ಪ್ರಾರ್ಥಿಸಬಹುದು, ಪ್ರಾರ್ಥನೆಗೆ ಕರೆಯುವಂತಿಲ್ಲ. ಇದರ ನೋವನ್ನು ನಮ್ಮ ಓದುಗರಿಗೆ ವಿವರಿಸಬೇಕಿಲ್ಲ.

1803ರಲ್ಲಿ ಆರ್ಚ್‌ಬಿಷಪ್ ಜಾನ್ ಥಾಮಸ್ ಟ್ರಾಯ್ ಅವರ ಕಾಲದಲ್ಲಿ ಮಾರ್ಲ್‌ಬರೋ ಬೀದಿಯ ಒಂದು ಶ್ರೀಮಂತರ ಮನೆಯನ್ನು ಖರೀದಿಸಲಾಯಿತು. ಅದೇನೂ ನಗರದ ಹೆದ್ದಾರಿಯಲ್ಲ, ಪಕ್ಕದ ಬೀದಿ. 1815ರಲ್ಲಿ ಕೆಲಸ ಆರಂಭವಾಗಿ, ಗ್ರೀಕ್ ಮಾದರಿಯ ಕಂಬಗಳುಳ್ಳ ಸೇಂಟ್ ಮೇರಿಸ್ 1825ರ ನವೆಂಬರ್ 14ರಂದು ತೆರೆಯಿತು. ಕೆಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆದದ್ದು ಅದಾಗಿ ನಾಲ್ಕು ವರ್ಷಗಳ ನಂತರ, 1829ರಲ್ಲಿ. ಆ ಹೋರಾಟದ ನಾಯಕ ಡೇನಿಯಲ್ ಓಕಾನಲ್ ಅವರ ಪಾರ್ಥಿವ ಶರೀರವನ್ನು 1847ರಲ್ಲಿ ಅಂತಿಮ ದರ್ಶನಕ್ಕೆ ಇರಿಸಿದ್ದು ಇಲ್ಲಿಯೇ. ಆದರೂ ಸೇಂಟ್ ಮೇರಿಸ್ 'ಪ್ರೊ-ಕೆಥೆಡ್ರಲ್' ಆಗಿಯೇ ಉಳಿಯಿತು. ಎಂದರೆ ಹಂಗಾಮಿ. ರೋಮಿನ ದೃಷ್ಟಿಯಲ್ಲಿ ನಿಜವಾದ ಕೆಥೆಡ್ರಲ್ ಇನ್ನೂ ಕ್ರೈಸ್ಟ್ ಚರ್ಚೇ ಆಗಿತ್ತು.

ಇತ್ತ ಪ್ರೊಟೆಸ್ಟೆಂಟರ ಬಳಿ ಎರಡು ಕೆಥೆಡ್ರಲ್‌ಗಳಿದ್ದರೂ ಅವು ಶಿಥಿಲವಾಗುತ್ತಿದ್ದವು. 1860ರ ದಶಕದಲ್ಲಿ ಸೇಂಟ್ ಪ್ಯಾಟ್ರಿಕ್ಸನ್ನು ಬಿಯರ್ ವ್ಯಾಪಾರಿ ಗಿನ್ನೆಸ್, 1870ರ ದಶಕದಲ್ಲಿ ಕ್ರೈಸ್ಟ್ ಚರ್ಚನ್ನು ವಿಸ್ಕಿ ವ್ಯಾಪಾರಿ ರೋ ದುರಸ್ತಿ ಮಾಡಿಸಿದರು. ಎರಡೂ ಮದ್ಯದ ಹಣದಿಂದ ಉಳಿದವು ಎಂಬುದು ಬೇರೆ ಮಾತು.

1922ರಲ್ಲಿ ಆಡಳಿತ ಬಹುಸಂಖ್ಯಾತರ ಕೈಗೆ ಬಂತು. ಪ್ರೊಟೆಸ್ಟೆಂಟರು ಆಗ ಸಣ್ಣ ಗುಂಪು. ಹಿರಿಯರ ಆಸ್ತಿಯೆಂದು ಎರಡನ್ನೂ ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಳ್ಳಲಿಲ್ಲ. ಧಾರ್ಮಿಕ ಪಂಗಡಗಳ ಆಸ್ತಿಗೆ ಸಂವಿಧಾನವೇ ರಕ್ಷಣೆ ಕೊಟ್ಟಿತು. 1937ರ ಸಂವಿಧಾನದಲ್ಲೂ ಅದು ಮುಂದುವರಿಯಿತು. ಹಾಗೆಂದು ಮನಸ್ಸುಗಳು ಬೆಸೆದಿದ್ದವು ಎಂದು ನಾವು ಹೇಳುವುದಿಲ್ಲ. ದೇಶದ ಮೊದಲ ರಾಷ್ಟ್ರಾಧ್ಯಕ್ಷ ಡಗ್ಲಸ್ ಹೈಡ್ ಪ್ರೊಟೆಸ್ಟೆಂಟ್. 1949ರಲ್ಲಿ ಸೇಂಟ್ ಪ್ಯಾಟ್ರಿಕ್ಸ್‌ನಲ್ಲಿ ಅವರ ಅಂತ್ಯವಿಧಿ ನಡೆಯುತ್ತಿದ್ದಾಗ, ತಮ್ಮ ಚರ್ಚಿನ ನಿಷೇಧಕ್ಕೆ ಅಂಜಿದ ಕೆಥೊಲಿಕ್ ಮಂತ್ರಿಗಳು, ಒಬ್ಬರ ಹೊರತು, ಹೊರಗೆ ಕಾರುಗಳಲ್ಲೇ ಕುಳಿತಿದ್ದರು.

2025ರ ನವೆಂಬರ್‌ನಲ್ಲಿ, ಇನ್ನೂರು ವರ್ಷ ತುಂಬಿದಾಗ, ಪೋಪ್ 14ನೇ ಲಿಯೋ ಸೇಂಟ್ ಮೇರಿಸನ್ನು ಡಬ್ಲಿನ್‌ನ ಕೆಥೆಡ್ರಲ್ ಎಂದು ಅಧಿಕೃತಗೊಳಿಸಿದರು. ಹಳೆಯ ಹಕ್ಕುಸಾಧನೆಯ ಕಡತ ಹೀಗೆ ಮುಚ್ಚಿತು. 12ನೇ ಶತಮಾನದ ಆರ್ಚ್‌ಬಿಷಪ್, ಸಂತ ಲಾರೆನ್ಸ್ ಓಟೂಲ್ ಅವರ ಹೃದಯ ಮಾತ್ರ ಈಗಲೂ ಕ್ರೈಸ್ಟ್ ಚರ್ಚಿನಲ್ಲಿದೆ. 2012ರಲ್ಲಿ ಅದನ್ನು ಯಾರೋ ಕದ್ದೊಯ್ದಿದ್ದರು. ಆರು ವರ್ಷಗಳ ನಂತರ ನಗರದ ಫೀನಿಕ್ಸ್ ಪಾರ್ಕಿನಲ್ಲಿ ಪೊಲೀಸರಿಗೆ ಸಿಕ್ಕಾಗ, ಅದನ್ನು ಪ್ರೊಟೆಸ್ಟೆಂಟರ ಕೈಗೆ ಮರಳಿಸುವ ಸಮಾರಂಭದಲ್ಲಿ ಎರಡೂ ಚರ್ಚುಗಳ ಆರ್ಚ್‌ಬಿಷಪರಿದ್ದರು.