ಜೇಡ ಸಿಗದ ಜೇಡಗಡಿತಗಳು

2001ರಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದ ಲೆನೆಕ್ಸಾದ ಹಳೆಯ ಮನೆಯೊಂದರಲ್ಲಿ ಆರು ತಿಂಗಳ ಕಾಲ ಜೇಡಗಳನ್ನು ಹಿಡಿದು ಎಣಿಸಲಾಯಿತು. ಸಿಕ್ಕವು 2,055. ಎಲ್ಲವೂ ಒಂದೇ ಜಾತಿ: ಮೈಮಾಂಸ ಕೊಳೆಸುವ ಜೇಡವೆಂದು ದೇಶವೆಲ್ಲ ಹೆಸರು ಕೆಡಿಸಿಕೊಂಡ ಬ್ರೌನ್ ರೆಕ್ಲೂಸ್. ಅವುಗಳಲ್ಲಿ ಸುಮಾರು 400 ಮನುಷ್ಯನಿಗೆ ವಿಷವೇರಿಸಬಲ್ಲಷ್ಟು ಬೆಳೆದಿದ್ದವು. ಅದೇ ಸೂರಿನಡಿ ವರ್ಷಗಳಿಂದ ವಾಸವಿದ್ದ ನಾಲ್ವರಲ್ಲಿ ಅಲ್ಲಿಯವರೆಗೆ ಒಬ್ಬರಿಗೂ ಅದು ಕಚ್ಚಿದ ಕುರುಹಿರಲಿಲ್ಲ.

ಕ್ಯಾಲಿಫೋರ್ನಿಯಾದ ಕೀಟಶಾಸ್ತ್ರಜ್ಞ ರಿಕ್ ವೆಟರ್ ಮರುವರ್ಷ ಸಹಲೇಖಕರೊಂದಿಗೆ ಪ್ರಕಟಿಸಿದ ಈ ಲೆಕ್ಕ ವೈದ್ಯರನ್ನೇ ಪೇಚಿಗೆ ಸಿಕ್ಕಿಸಿತು. ಸಾವಿರಾರು ಜೇಡಗಳಿರುವ ಮನೆಯಲ್ಲೇ ಕಡಿತವಿಲ್ಲವೆಂದರೆ, ಈ ಜಾತಿಯ ನೆಲೆಯೇ ಇಲ್ಲದ ರಾಜ್ಯಗಳಲ್ಲಿ ಆಸ್ಪತ್ರೆಗಳು ದಾಖಲಿಸುತ್ತಿದ್ದ ‘ರೆಕ್ಲೂಸ್ ಕಡಿತ’ಗಳು ಯಾವ ಜೇಡದವು? ಈ ಜೇಡದ ನೆಲೆ ಕಾನ್ಸಾಸ್, ಮಿಸೌರಿ, ಒಕ್ಲಹೋಮ, ಅರ್ಕನ್ಸಾಸ್ ಸುತ್ತಿನ ನಡುನಾಡು. ಡಲ್ಲಾಸ್, ಸೇಂಟ್ ಲೂಯಿಸ್‌ಗಳ ಕನ್ನಡ ಕುಟುಂಬಗಳಿಗೆ ಅದು ನಿಜವಾಗಿಯೂ ನೆರೆಯದು, ನ್ಯೂಯಾರ್ಕಿನವರಿಗೆ ಅಲ್ಲ.

ಆದರೂ 2001ರ ಶರತ್ಕಾಲದಲ್ಲಿ ನ್ಯೂಯಾರ್ಕಿನ ಏಳು ತಿಂಗಳ ಮಗುವೊಂದರ ತೋಳು ಊದಿ ಹುಣ್ಣಾದಾಗ ಮೊದಲ ಸಂಶಯ ಹೋದದ್ದು ರೆಕ್ಲೂಸ್ ಮೇಲೆಯೇ. ಅದು ಚರ್ಮದ ಆಂಥ್ರಾಕ್ಸ್ ಎಂದು ಆಮೇಲೆ ತಿಳಿಯಿತು. ಅಂಚೆಯಲ್ಲಿ ಆಂಥ್ರಾಕ್ಸ್ ಪುಡಿ ಬರುತ್ತಿದ್ದ ದಿನಗಳವು.

ಹಾಗಾದರೆ ರೆಕ್ಲೂಸ್ ಗುರುತನ್ನು ಯಾವುದರಿಂದ ಹಿಡಿಯಬೇಕು? ಬೆನ್ನ ಮೇಲಿನ ಪಿಟೀಲಿನಾಕಾರದ ಗುರುತಿನಿಂದ ಎಂಬುದು ಜನಪ್ರಿಯ ಉತ್ತರ. ಆ ಗುರುತನ್ನು ನಂಬಿ ಕೆಟ್ಟವರೇ ಹೆಚ್ಚು. ಮೂಲೆಯಲ್ಲಿ ತಲೆಕೆಳಗಾಗಿ ತೂಗುವ ಉದ್ದಗಾಲಿನ ಬಡಪಾಯಿ ಜೇಡದ ಬೆನ್ನಲ್ಲೂ ಹುಡುಕಿದವರಿಗೆ ಪಿಟೀಲು ಕಾಣುತ್ತದೆ. ನೆಚ್ಚಬಹುದಾದದ್ದು ಕಣ್ಣು. ಬಹುತೇಕ ಜೇಡಗಳಿಗೆ ಎಂಟು ಕಣ್ಣು. ರೆಕ್ಲೂಸಿಗೆ ಆರೇ, ಅವೂ ಎರಡೆರಡರ ಮೂರು ಜೋಡಿ. ಹೊಟ್ಟೆ ಒಂದೇ ಬಣ್ಣ, ಚಿತ್ತಾರವಿಲ್ಲ. ಕಾಲುಗಳಲ್ಲಿ ದಪ್ಪ ಮುಳ್ಳುಗಳಿಲ್ಲ. ಭೂತಗನ್ನಡಿ ಬೇಕು, ಜೊತೆಗೆ ಜೇಡವೂ ಬೇಕು. ಚಪ್ಪಲಿಯಲ್ಲಿ ಅರೆದು ಹಾಕಿದ ಮೇಲೆ ಕಣ್ಣೆಣಿಸುವವರಾರು?

ರೆಕ್ಲೂಸ್ ವಿಷದಲ್ಲಿ ಸ್ಫಿಂಗೋಮೈಲಿನೇಸ್-ಡಿ ಎಂಬ ಕಿಣ್ವವಿದೆ. ಅದು ಜೀವಕೋಶದ ಪೊರೆಗೆ ಕೈಹಾಕಿ, ಸಣ್ಣ ರಕ್ತನಾಳಗಳು ಕಟ್ಟುವಂತೆ ಮಾಡುತ್ತದೆ. ಹಾಗಾಗಿ ನಿಜವಾದ ಕಡಿತದ ನಡುಭಾಗ ಕೆಂಪಗಿರದೆ ಬಿಳಿಚಿ ನೀಲಿಗಟ್ಟುತ್ತದೆ, ಉಬ್ಬದೆ ತಗ್ಗಾಗುತ್ತದೆ. ಸಾಮಾನ್ಯವಾಗಿ ಗಾಯ ಒಂದೇ, ಕೀವಿಲ್ಲ. ಹೆಚ್ಚಿನವು ತಾವಾಗಿಯೇ ಮಾಯುತ್ತವೆ. ಕೀವು ತುಂಬಿ ಕೆಂಪಗೆ ಉಬ್ಬಿದ್ದರೆ, ಮೈಮೇಲೆ ನಾಲ್ಕಾರು ಕಡೆ ಎದ್ದಿದ್ದರೆ ಬೇರೆ ಕಾರಣ ಹುಡುಕಬೇಕೆಂದು 2017ರಲ್ಲಿ ವೆಟರ್ ಮತ್ತು ಸಂಗಡಿಗರು ಚರ್ಮವೈದ್ಯರಿಗೆ ಪಟ್ಟಿಯನ್ನೇ ಕೊಟ್ಟರು. ಆ ಬೇರೆ ಕಾರಣ ಅನೇಕ ವೇಳೆ ಔಷಧಕ್ಕೆ ಬಗ್ಗದ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ.

ಬ್ಲ್ಯಾಕ್ ವಿಡೋ ಜೇಡದ ಕಥೆ ತಿರುಗುಮುರುಗು. ಅದು ಕಚ್ಚಿದೆಡೆ ಗಾಯ ಹೆಚ್ಚು ಕಾಣದು. ನರಗಳಿಗೆ ತಗಲುವ ವಿಷದಿಂದ ಹೊಟ್ಟೆ, ಬೆನ್ನಿನ ಸ್ನಾಯುಗಳು ಸೆಟೆದು ಬೆವರು ಕಿತ್ತುಬರುತ್ತದೆ. ಜೇಡದ ಹೊಟ್ಟೆಯ ಕೆಳಬದಿಯ ಕೆಂಪು ಮರಳುಗಡಿಯಾರದ ಗುರುತು ಇಲ್ಲಿ ನೆರವಾಗುತ್ತದೆ.

ಕಡಿತಕ್ಕೆ ಪುರಾವೆ ಹೇಗಿರಬೇಕೆಂದು ತೋರಿಸಿದವರು ಆಸ್ಟ್ರೇಲಿಯಾದವರು. ಜೆಫ್ರಿ ಇಸ್ಬಿಸ್ಟರ್ ಮತ್ತು ಮೈಕೆಲ್ ಗ್ರೇ 2002ರಲ್ಲಿ ವರದಿ ಮಾಡಿದ 750 ಕಡಿತಗಳಲ್ಲಿ ಪ್ರತಿಯೊಂದರಲ್ಲೂ ಕಚ್ಚಿದ ಜೇಡ ಸಿಕ್ಕಿತ್ತು, ತಜ್ಞರು ಅದರ ಜಾತಿ ಗುರುತಿಸಿದ್ದರು. ಕೊಳೆತ ಹುಣ್ಣು ಒಂದೂ ಇರಲಿಲ್ಲ.

ಆರೋಪಿಯಿಲ್ಲದೆ ತೀರ್ಪು ಕೊಡುವ ಚಾಳಿ ನಮ್ಮಲ್ಲೂ ಇದೆ. ಮಳೆಗಾಲದ ಬೆಳಗ್ಗೆ ಕುತ್ತಿಗೆಯ ಮೇಲೆ ಉರಿಯುವ ಕೆಂಪು ಗೆರೆ ಕಂಡರೆ ‘ಜೇಡ ಉಚ್ಚೆ ಹೊಯ್ದಿದೆ’ ಎನ್ನುತ್ತಾರೆ. ಅದು ಅನೇಕ ಸಲ ಪೀಡೆರಸ್ ಎಂಬ, ಇರುವೆಯಂತೆ ಕಾಣುವ ಕಪ್ಪು-ಕಿತ್ತಳೆ ದುಂಬಿಯ ಕೆಲಸ. ದೀಪಕ್ಕೆ ಬಂದ ಅದು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ನಿದ್ದೆಗಣ್ಣಲ್ಲಿ ಉಜ್ಜಿದಾಗ ಒಡೆದ ಮೈಯಿಂದ ಪೀಡೆರಿನ್ ಚರ್ಮಕ್ಕೆ ಹತ್ತುತ್ತದೆ. ಉರಿ ಏಳುವುದು ಅರ್ಧ ದಿನವೋ ಒಂದು ದಿನವೋ ಕಳೆದ ಮೇಲೆ. ಅಷ್ಟರಲ್ಲಿ ದುಂಬಿ ಹಾಸಿಗೆ ಕೊಡವಿದಾಗ ಕಸದೊಂದಿಗೆ ಹೋಗಿರುತ್ತದೆ. ಗೋಡೆಯ ಮೇಲೆ ಕಣ್ಣಿಗೆ ಬೀಳುವುದು, ಮೈಯಡಿ ಬಿಳಿ ಬಿಲ್ಲೆಯಂಥ ಮೊಟ್ಟೆಚೀಲ ಹಿಡಿದು ಜಿರಳೆಗೆ ಹೊಂಚು ಹಾಕಿರುವ ದೊಡ್ಡ ಜೇಡ.