ಅರ್ಜಿಯ ಭಾಷೆಯಿಂದ ಸಭೆಯ ಭಾಷೆಗೆ: ಕಾಸರಗೋಡಿನ ನೆರೆಕರೆ ಮತ್ತು ಅಧಿಕಾರ ವಿಕೇಂದ್ರೀಕರಣ

ಕೇರಳದ ಅಧಿಕಾರ ವಿಕೇಂದ್ರೀಕರಣವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಹಣದ ಹಂಚಿಕೆ, ಸ್ತ್ರೀಯರ ಪಾಲುಗೊಳ್ಳುವಿಕೆ ಮತ್ತು ಪಕ್ಷ ರಾಜಕಾರಣ ಎಂಬ ನೆಲೆಗಳಲ್ಲಿ ನಡೆದಿದೆ. ಆ ಅಧಿಕಾರ ಯಾವ ಭಾಷೆಯಲ್ಲಿ ಊರಿನ ಅಂಗಳಕ್ಕೆ ಬಂತು ಎಂಬ ಪ್ರಶ್ನೆಗೆ ಅಲ್ಲಿ ಸಿಕ್ಕಿರುವ ಸ್ಥಾನ ಕಿರಿದು. ಮಲಯಾಳವೇ ಮನೆಮಾತೂ ಕಚೇರಿಮಾತೂ ಆಗಿರುವ ಜಿಲ್ಲೆಗಳಲ್ಲಿ ಈ ಪ್ರಶ್ನೆ ಏಳಬೇಕಾಗಿಲ್ಲ. ಕಾಸರಗೋಡಿನಲ್ಲಿ ಮಾತ್ರ ಅದನ್ನು ಬಿಟ್ಟು ವಿಕೇಂದ್ರೀಕರಣದ ಚರಿತ್ರೆಯನ್ನು ಬರೆಯಲಾಗದು. 1969ರ ಶಾಸನ ಇಲ್ಲಿನ ಕನ್ನಡಿಗನನ್ನು ಅರ್ಜಿದಾರನೆಂದು ಕಂಡಿತು. 1996ರ ಜನಕೀಯ ಯೋಜನೆ ಅವನನ್ನು ಸಭಿಕನೆಂದು ಕರೆಯಿತು. ಈ ಎರಡು ಕಲ್ಪನೆಗಳ ನಡುವಣ ಅಂತರವೇ ಗಡಿನಾಡಿನ ಸ್ಥಳೀಯ ಆಡಳಿತದ ಮುಖ್ಯ ಸಮಸ್ಯೆ.

ನೆರೆಕರೆಯವರು ಕೂಡಿ ಊರಿನ ಕೆಲಸ ಮಾಡುವ ರೂಢಿ ಇಲ್ಲಿಗೆ ಶಾಸನದಿಂದ ಬಂದುದಲ್ಲ. ಕುಂಬ್ಡಾಜೆ ಪಂಚಾಯತಿನ ಏತಡ್ಕದಂತಹ ಕಡೆಗಳಲ್ಲಿ ಮಳೆಗಾಲ ಹಿಂದೆ ಸರಿದ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣುಗಳಿಂದ ತಾತ್ಕಾಲಿಕ ‘ಕಟ್ಟ’ಗಳನ್ನು ಕಟ್ಟುವ ಪದ್ಧತಿ ಇದಕ್ಕೆ ಒಳ್ಳೆಯ ನಿದರ್ಶನ. ಒಂದರ ಕೆಳಗೆ ಒಂದರಂತೆ ಸಾಲಾಗಿ ನಿಲ್ಲುವ ಈ ಕಟ್ಟಗಳು ತೋಟಕ್ಕೆ ನೀರು ಕೊಡುವುದರ ಜೊತೆಗೆ ಸುತ್ತಲಿನ ಬಾವಿಗಳ ನೀರನ್ನೂ ಮೇಲಕ್ಕೆತ್ತುತ್ತವೆ. ಸಾಲು ಪೂರ್ತಿಯಾದರೆ ಮಾತ್ರ ಪೂರ್ಣ ಫಲ. ಆದುದರಿಂದ ಒಬ್ಬನ ಕಟ್ಟ ಎಂದೂ ಒಬ್ಬನದೇ ಆಗಿ ಉಳಿಯುವುದಿಲ್ಲ. ಯಾವಾಗ ಕಟ್ಟುವುದು, ಯಾರು ಎಷ್ಟು ಆಳು ಕೊಡುವುದು, ಯಾವಾಗ ಬಿಚ್ಚುವುದು ಎಂಬುದೆಲ್ಲ ಬಾಯಿಮಾತಿನಲ್ಲಿ, ಊರಿನ ಮಾತಿನಲ್ಲಿ ತೀರ್ಮಾನವಾಗುತ್ತಿತ್ತು. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ಹರಿಸುವ ಸುರಂಗ, ಮಳೆನೀರನ್ನು ತಡೆದು ಇಂಗಿಸುವ ಮದಕ ಇವೂ ಇದೇ ಜ್ಞಾನಪರಂಪರೆಗೆ ಸೇರಿದವು.

ಈ ಬಾಯಿಮಾತಿನ ಲೋಕಕ್ಕೂ ಕಡತದ ಲೋಕಕ್ಕೂ 1956ರವರೆಗೆ ತೀರ ದೂರವಿರಲಿಲ್ಲ. 1799ರ ಬಳಿಕ ಕಂಪನಿಯ ಆಡಳಿತಕ್ಕೊಳಪಟ್ಟ ಕೆನರಾದ ಭಾಗವಾಗಿ, ಮುಂದೆ ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿ ಕಾಸರಗೋಡು ಇದ್ದ ಕಾಲದಲ್ಲಿ ಪಟೇಲ, ಶ್ಯಾನುಭಾಗರ ಬರವಣಿಗೆ ಕನ್ನಡದ್ದಾಗಿತ್ತು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವವನಿಗೂ ಶಾಲೆಯಲ್ಲಿ ಕಲಿತ ಕನ್ನಡದಿಂದ ತನ್ನ ಭೂಮಿಯ ಕಾಗದವನ್ನು ಓದಿಕೊಳ್ಳುವ ದಾರಿಯಿತ್ತು. 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿದಾಗ ಬದಲಾದುದು ರಾಜಧಾನಿ ಮಾತ್ರವಲ್ಲ. ಓದಬಲ್ಲ ಕಾಗದಕ್ಕೂ ಓದಿಸಿಕೊಳ್ಳಬೇಕಾದ ಕಾಗದಕ್ಕೂ ನಡುವಣ ಗೆರೆಯೂ ಬದಲಾಯಿತು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ನದಿಯ ಉತ್ತರದ ಪ್ರದೇಶ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿದರೂ ಅದು ಜಾರಿಗೆ ಬರಲಿಲ್ಲ. ಏಕೀಕರಣದ ಹೋರಾಟದ ನಡುವೆಯೂ ಸ್ಥಳೀಯ ಆಡಳಿತವನ್ನು ಕನ್ನಡಿಗರು ಕೈಬಿಡಲಿಲ್ಲ ಎಂಬುದಕ್ಕೆ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿ ದುಡಿದುದು ಸಾಕ್ಷಿ.

1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಈ ಸಂದರ್ಭದಲ್ಲಿ ಬಂದ ಮುಖ್ಯ ರಕ್ಷಣೆ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸಚಿವಾಲಯದೊಡನೆ, ಇಲಾಖಾ ಮುಖ್ಯಸ್ಥರೊಡನೆ, ಹಾಗೂ ಭಾಷಾ ಅಲ್ಪಸಂಖ್ಯಾತ ಪ್ರದೇಶಗಳೆಂದು ಘೋಷಿತವಾದೆಡೆಗಳ ಸರಕಾರಿ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ನಡೆಸಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರತಕ್ಕದ್ದು. ಈ ಹಕ್ಕಿನ ಬೆಲೆ ಸಣ್ಣದಲ್ಲ. ಆದರೆ ಅದರ ಆಕಾರವನ್ನು ಗಮನಿಸಬೇಕು: ಒಂದು ಕಡೆ ಬರೆಯುವ ವ್ಯಕ್ತಿ, ಇನ್ನೊಂದು ಕಡೆ ಉತ್ತರಿಸುವ ಕಚೇರಿ. ತೀರ್ಮಾನ ಕಚೇರಿಯದು, ಬೇಡಿಕೆ ಪ್ರಜೆಯದು. ಅಂದಿನ ಆಡಳಿತದ ಸ್ವರೂಪಕ್ಕೆ ಈ ಕಲ್ಪನೆ ಸರಿಹೊಂದುತ್ತಿತ್ತು.

ಸಂವಿಧಾನದ 73ನೆಯ ತಿದ್ದುಪಡಿ ಮತ್ತು 1994ರ ಕೇರಳ ಪಂಚಾಯತ್ ರಾಜ್ ಕಾಯಿದೆ ಆ ಸ್ವರೂಪವನ್ನೇ ಬದಲಿಸಿದವು. 1996ರ ಆಗಸ್ಟ್‌ನಲ್ಲಿ ಆರಂಭವಾದ ಜನಕೀಯ ಯೋಜನಾ ಆಂದೋಲನ ರಾಜ್ಯದ ಯೋಜನಾ ಹಣದ ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳ ಕೈಗಿತ್ತಿತು. ವಾರ್ಡಿನ ಮತದಾರರೆಲ್ಲರ ಗ್ರಾಮಸಭೆಯಲ್ಲಿ ಜನರು ವಿಷಯವಾರು ಗುಂಪುಗಳಾಗಿ ಕುಳಿತು ಅಗತ್ಯಗಳನ್ನು ಪಟ್ಟಿಮಾಡಿದರು. ಅದರ ಆಧಾರದ ಮೇಲೆ ಪ್ರತಿಯೊಂದು ಪಂಚಾಯತೂ ತನ್ನ ಅಭಿವೃದ್ಧಿ ವರದಿಯನ್ನು ಸಿದ್ಧಪಡಿಸಿತು. 1998ರಲ್ಲಿ ಉದ್ಘಾಟನೆಗೊಂಡ ಕುಟುಂಬಶ್ರೀ ಇದನ್ನು ಇನ್ನೂ ಕೆಳಕ್ಕೆ ಒಯ್ದಿತು. ನೆರೆಮನೆಯ ಸ್ತ್ರೀಯರ ಅಯಲ್‌ಕೂಟ, ವಾರ್ಡಿನ ಮಟ್ಟದಲ್ಲಿ ಎಡಿಎಸ್, ಪಂಚಾಯತಿನ ಮಟ್ಟದಲ್ಲಿ ಸಿಡಿಎಸ್ ಎಂಬ ಮೂರು ಮೆಟ್ಟಿಲುಗಳಲ್ಲಿ ಅಂಗಳದ ಮಾತು ಯೋಜನೆಯಾಗಿ ಮೇಲೇರುವ ವ್ಯವಸ್ಥೆ ಅದು.

ಗಡಿನಾಡಿನ ತೊಡಕು ಇರುವುದು ಈ ಮೆಟ್ಟಿಲುಗಳಲ್ಲಿಯೇ. ವರ್ಕಾಡಿಯಲ್ಲೋ ಎಣ್ಮಕಜೆಯಲ್ಲೋ ಅಯಲ್‌ಕೂಟ ಸೇರಿದಾಗ ಮಾತಿಗೆ ಅಡ್ಡಿಯಿಲ್ಲ. ನೆರೆಯವರು ನೆರೆಯವರೊಡನೆ ಆಡುವ ಮಾತನ್ನೇ ಆಡುತ್ತಾರೆ. ಆದರೆ ಮಾತು ಮೇಲೇರಬೇಕಾದರೆ ಬರಹವಾಗಬೇಕು. ಮಾರ್ಗದರ್ಶಿ, ಸುತ್ತೋಲೆಗಳು ತಿರುವನಂತಪುರದಲ್ಲಿ ರೂಪುಗೊಂಡು ಬರುವಂಥವು. ಕನ್ನಡದ ಪಾಲಿಗೆ ಅವು ಯಾವಾಗಲೂ ಅನುವಾದಗಳು. ಹೀಗಾಗಿ ಎರಡೂ ಲಿಪಿ ಬಲ್ಲವನ ಕೈಗೆ ಯಾರೂ ಚುನಾಯಿಸಿ ಕೊಡದ ಒಂದು ಅಧಿಕಾರ ಬಂದು ಸೇರುತ್ತದೆ: ಸಭೆ ಏನು ಹೇಳಿತು ಎಂಬುದನ್ನು ಅವನು ಬರೆದದ್ದೇ ಸಭೆಯ ಮಾತಾಗುತ್ತದೆ. ‘ಕಟ್ಟ’ವೆಂದು ಹೇಳಿದ್ದು ಕಡತದಲ್ಲಿ ಬರಿಯ ‘ತಡೆಗೋಡೆ’ಯಾದರೆ ಕಳೆದುಹೋಗುವುದು ಪದವೊಂದೇ ಅಲ್ಲ, ವರ್ಷವರ್ಷವೂ ಕೂಡಿ ಕಟ್ಟಿ ಬಿಚ್ಚುವ ಊರಿನ ಹೊಣೆಯೂ ಮರೆಯಾಗಿ, ಒಮ್ಮೆ ಗುತ್ತಿಗೆ ಕೊಟ್ಟು ಮುಗಿಸುವ ಕಾಮಗಾರಿ ಉಳಿಯುತ್ತದೆ.

ಇಲ್ಲಿ ಕನ್ನಡದ ಪರವಾದ ವಾದವೂ ತನ್ನ ಮಿತಿಯನ್ನು ಅರಿತಿರಬೇಕಾಗುತ್ತದೆ. ಕಾಸರಗೋಡಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳ ಎಲ್ಲವೂ ಮನೆಮಾತುಗಳೇ. ಅನೇಕರಿಗೆ ಕನ್ನಡ ತೊಟ್ಟಿಲ ಭಾಷೆಯಲ್ಲ, ಶಾಲೆಯ ಮತ್ತು ಬರಹದ ಭಾಷೆ. ಹಾಗಾಗಿ ನೆರೆಕರೆಯ ಸಭೆಯಲ್ಲಿ ಕನ್ನಡಕ್ಕೆ ಸ್ಥಾನ ಬೇಕೆನ್ನುವುದು ಕೇವಲ ಮಾತೃಭಾಷೆಯ ಅಭಿಮಾನದ ಮಾತಾದರೆ ಅಪೂರ್ಣವಾಗುತ್ತದೆ. ಹಲವು ಮನೆಮಾತುಗಳವರು ತಮ್ಮ ತೀರ್ಮಾನವನ್ನು ತಾವೇ ಬರೆದು, ಬರೆದದ್ದನ್ನು ತಾವೇ ಓದಿ ಪರೀಕ್ಷಿಸಬಲ್ಲ ಭಾಷೆ ಎಂಬ ನೆಲೆಯಲ್ಲಿ ಆ ಬೇಡಿಕೆ ಹೆಚ್ಚು ಗಟ್ಟಿಯಾಗುತ್ತದೆ. ಆ ಹಕ್ಕು ಮಲಯಾಳದ ಹಕ್ಕಿಗೆ ಎದುರಾದುದಲ್ಲ. ಒಂದೇ ಅಂಗಳದಲ್ಲಿ ಎರಡು ಲಿಪಿಗಳ ದಾಖಲೆ ಇರಲು ಯಾವ ಅಡ್ಡಿಯೂ ಇಲ್ಲ.

ಅರ್ಜಿಗೆ ಕನ್ನಡದಲ್ಲಿ ಉತ್ತರ ಬರಬೇಕೆಂಬುದು ಅರ್ಧ ಶತಮಾನದ ಹಿಂದಿನ ಗೆಲುವು. ಸಭೆಯ ಸೂಚನೆ, ಚರ್ಚೆಯ ಟಿಪ್ಪಣಿ, ನಿರ್ಣಯ, ಲೆಕ್ಕ ಇವು ಸಭಿಕರಿಗೆ ಓದಲು ಬರುವ ಭಾಷೆಯಲ್ಲಿ ಇರಬೇಕೆಂಬುದು ಅದರ ಮುಂದಿನ ಹೆಜ್ಜೆ. ಹಾಗೆ ಕನ್ನಡದಲ್ಲಿ ಬರೆದ ಅಯಲ್‌ಕೂಟದ ನಡಾವಳಿ ಪುಸ್ತಕಗಳು ಎಲ್ಲೆಲ್ಲಿ ಉಳಿದಿವೆಯೋ ಅವನ್ನು ಸಂಗ್ರಹಿಸಿಡುವುದು ಸಂಶೋಧಕರ ಮೇಲಿನ ಹೊಣೆ. ಶ್ಯಾನುಭಾಗನ ಲೆಕ್ಕಪುಸ್ತಕದಲ್ಲಿ ಹೆಸರಿಗೂ ಸಿಗದ ಸ್ತ್ರೀಯರು ತಮ್ಮ ಊರಿನ ನೀರು, ದಾರಿ, ಸಾಲಗಳ ಬಗ್ಗೆ ಸ್ವತಃ ಬರೆದಿಟ್ಟ ದಾಖಲೆ ಗಡಿನಾಡಿನ ಚರಿತ್ರೆಗೆ ಬೇರೆಲ್ಲಿಯೂ ದೊರೆಯದು.