ಇಪ್ಪತ್ತೊಂದು ದಿನದ ಕಾವು

ಚರಿತ್ರೆಯ ಪುಸ್ತಕಗಳಲ್ಲಿ ಸುರಪುರವೆಂದರೆ ನಾಯಕ ಅರಸರ ಸಂಸ್ಥಾನ, 1705ರಲ್ಲಿ ಔರಂಗಜೇಬನೇ ಬಂದು ಮುತ್ತಿಗೆ ಹಾಕಿದ ವಾಗಣಗೇರಾ ಕೋಟೆ, 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ರಾಜಾ ವೆಂಕಟಪ್ಪ ನಾಯಕ, ಗುಡ್ಡದ ಮೇಲಿನ ಟೇಲರ್ ಮಂಜಿಲ್‌ನಲ್ಲಿದ್ದ ಮೆಡೋಸ್ ಟೇಲರ್. ಇವರೆಲ್ಲ ಬಂದು ಹೋದ ಕಾಲದಲ್ಲೂ ಕೋಳಿ ಸಾಕುವ ಮನೆಗಳ ಮೂಲೆಯಲ್ಲಿ ಒಂದು ಕೆಲಸ ಸದ್ದಿಲ್ಲದೆ ನಡೆದೇ ಇತ್ತು, ಇಂದಿಗೂ ನಡೆದಿದೆ. ಅದು ಹೇಂಟೆಯನ್ನು ಕಾವಿಗೆ ಕೂರಿಸುವ ಕೆಲಸ.

ಅದಕ್ಕೆ ಬೇಕಾದ ಸಾಮಾನು ಹೆಚ್ಚಿಲ್ಲ. ಒಂದು ಹಳೆಯ ಬುಟ್ಟಿ, ಅದರ ತಳಕ್ಕೆ ಹೊಟ್ಟು ಅಥವಾ ಒಣಹುಲ್ಲು, ಹತ್ತು ಹನ್ನೆರಡು ತತ್ತಿ. ಮೊಟ್ಟೆಗೆ ಈ ಸೀಮೆಯಲ್ಲಿ ತತ್ತಿ ಎನ್ನುತ್ತಾರೆ. ಅದರ ಮೇಲೆ ಒಂದು ಜವಾರಿ ಹೇಂಟೆ. ಇಪ್ಪತ್ತೊಂದನೆಯ ದಿನ ಬುಟ್ಟಿಯಿಂದ ಚಿಲಿಪಿಲಿ ಕೇಳಿಸುತ್ತದೆ. ನೋಡುವವರಿಗೆ ಇದು ಕೋಳಿಯ ಸಹಜ ಗುಣ, ಅದರಲ್ಲಿ ಹೇಳುವಂಥದ್ದೇನಿದೆ ಎನಿಸಬಹುದು. ಆದರೆ ಕಳೆದ ನೂರು ವರ್ಷಗಳಲ್ಲಿ ಈ ಸಹಜ ಗುಣವನ್ನೇ ಕೋಳಿ ಉದ್ಯಮ ಒಂದು ದೋಷವೆಂದು ಕರೆದು, ಆರಿಸಿ ಆರಿಸಿ ತೆಗೆದುಹಾಕಿತು. ಇವತ್ತು ಜಗತ್ತಿನಲ್ಲಿ ಮೊಟ್ಟೆಗಾಗಿ ಸಾಕುವ ಕೋಟ್ಯಂತರ ಕೋಳಿಗಳಿಗೆ ತಮ್ಮ ಮೊಟ್ಟೆಯ ಮೇಲೆ ಕೂರುವ ಬಯಕೆಯೇ ಹುಟ್ಟುವುದಿಲ್ಲ. ಹೀಗಾಗಿ ಬುಟ್ಟಿಯಲ್ಲಿ ಕೂತ ಜವಾರಿ ಹೇಂಟೆ ಏನನ್ನು ಉಳಿಸಿಕೊಂಡು ಬಂದಿದೆ ಎಂಬುದನ್ನು ತಿಳಿಯುವುದು ಅಗತ್ಯ.

ನಿಂತು ಕಾಯುವ ಜೀವ

ಹುಂಜದ ಸಂಗವಾದ ಹೇಂಟೆ ಇಡುವ ಮೊಟ್ಟೆಯಲ್ಲಿ ಜೀವದ ಆರಂಭ ಅದು ಹೊರಬೀಳುವ ಮುನ್ನವೇ ಆಗಿರುತ್ತದೆ. ಮೊಟ್ಟೆ ರೂಪುಗೊಳ್ಳಲು ಸುಮಾರು ಒಂದು ದಿನ ಬೇಕು. ಆ ಹೊತ್ತಿನಲ್ಲಿ ಕೋಳಿಯ ಒಡಲಿನ 41 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಭ್ರೂಣ ಒಡೆಯುತ್ತ, ಸಾವಿರಾರು ಕಣಗಳಾಗಿ ಬೆಳೆದಿರುತ್ತದೆ. ಮೊಟ್ಟೆ ಹೊರಬಂದು ತಣ್ಣಗಾದೊಡನೆ ಬೆಳವಣಿಗೆ ನಿಲ್ಲುತ್ತದೆ. ಅದು ಸಾವಲ್ಲ, ಒಂದು ರೀತಿಯ ನಿದ್ದೆ. ಮತ್ತೆ ಕಾವು ಸಿಕ್ಕಾಗ ನಿಂತಲ್ಲಿಂದಲೇ ಕೆಲಸ ಮುಂದುವರಿಯುತ್ತದೆ. ಎರಡು ವಾರಗಳ ಕಾಲ ಒಂದೊಂದಾಗಿ ಇಟ್ಟ ಮೊಟ್ಟೆಗಳಿಂದ ಮರಿಗಳು ಹೆಚ್ಚುಕಡಿಮೆ ಒಂದೇ ದಿನ ಹೊರಬರುವ ಗುಟ್ಟು ಇದೇ.

ಈ ನಿದ್ದೆಗೆ ಒಂದು ಷರತ್ತಿದೆ. ಮೊಟ್ಟೆಯ ಸುತ್ತಲಿನ ಬಿಸಿ ಸುಮಾರು 20 ಡಿಗ್ರಿಗಿಂತ ಕೆಳಗಿರಬೇಕು. ಅದಕ್ಕಿಂತ ಹೆಚ್ಚಾದರೆ ಭ್ರೂಣ ಪೂರ್ತಿ ಮಲಗುವುದೂ ಇಲ್ಲ, ಸರಿಯಾಗಿ ಬೆಳೆಯುವುದೂ ಇಲ್ಲ. ಅರ್ಧಂಬರ್ಧ ಎಚ್ಚರದಲ್ಲೇ ಸೊರಗಿ ಸಾಯುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಸುರಪುರ, ಶಹಾಪುರ, ಯಾದಗಿರಿಯ ಬಿಸಿಲಿನಲ್ಲಿ ರಾತ್ರಿಯೂ ಮನೆಯೊಳಗೆ ಅಷ್ಟು ತಂಪು ಸಿಗದು. ಬೇಸಿಗೆಯಲ್ಲಿ ಕೂರಿಸಿದ ತತ್ತಿಗಳು ಹೆಚ್ಚಾಗಿ ಕೆಡುವುದು ಈ ಕಾರಣದಿಂದ. ತತ್ತಿಯನ್ನು ಕುಡಿಯುವ ನೀರಿನ ಗಡಿಗೆಯ ಪಕ್ಕದ ತಣ್ಣನೆಯ ಮರಳಿನಲ್ಲಿಯೋ ಕಾಳಿನ ನಡುವೆಯೋ ಇಡುವ ರೂಢಿಗೆ, ಕಾವಿಗೆ ತಂಪು ಕಾಲವೇ ಲೇಸು ಎನ್ನುವ ತಿಳಿವಳಿಕೆಗೆ ವಿಜ್ಞಾನದ ಬೆಂಬಲವಿದೆ. ಇಟ್ಟು ಒಂದು ವಾರ ಮೀರದ ಮೊಟ್ಟೆಯಾದರೆ ಮರಿಯಾಗುವ ಭರವಸೆ ಹೆಚ್ಚು.

ಕಾವಿಗೆ ಕೂತ ಹೇಂಟೆಯ ರೀತಿಯೇ ಬೇರೆ. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ರಕ್ತದಲ್ಲಿ ಏರಿದಾಗ ಅದು ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಎದೆಯ ಪುಕ್ಕ ಉದುರಿ, ಬೆಚ್ಚಗಿನ ಬರಿ ಚರ್ಮ ನೇರವಾಗಿ ಮೊಟ್ಟೆಗೆ ತಾಗುತ್ತದೆ. ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಎದ್ದು ಹೋಗಿ ಕಾಳು ತಿಂದು, ನೀರು ಕುಡಿದು ಮರಳುತ್ತದೆ. ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುತ್ತ, ಅಂಚಿನವನ್ನು ನಡುವಿಗೂ ನಡುವಿನವನ್ನು ಅಂಚಿಗೂ ತಳ್ಳುತ್ತದೆ. ಹೊರಳಿಸದಿದ್ದರೆ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿಕೊಂಡು ಸಾಯುತ್ತದೆ. ಮನುಷ್ಯ ಯಂತ್ರ ಮಾಡಲು ಹೊರಟಾಗ ಈ ಪಾಠವನ್ನು ಅವನೂ ಕಲಿಯಬೇಕಾಯಿತು.

ಏಳನೆಯ ದಿನದ ಸುಮಾರಿಗೆ ಕತ್ತಲಲ್ಲಿ ಮೊಟ್ಟೆಯನ್ನು ದೀಪಕ್ಕೆ ಹಿಡಿದರೆ ಒಳಗೆ ಜೇಡನ ಬಲೆಯಂತೆ ಕೆಂಪು ನರಗಳು ಕಾಣುತ್ತವೆ. ಹಿಂದೆ ಕಂದೀಲು ಮಾಡುತ್ತಿದ್ದ ಈ ಕೆಲಸಕ್ಕೆ ಈಗ ಮೊಬೈಲ್ ಫೋನಿನ ಬೆಳಕೂ ಆಗುತ್ತದೆ. ಏನೂ ಕಾಣದ ತಿಳಿಯಾದ ಮೊಟ್ಟೆ ಗೊಡ್ಡು, ಅದನ್ನು ತೆಗೆದುಬಿಡಬಹುದು. ಕೊನೆಯ ದಿನಗಳಲ್ಲಿ ಮರಿ ಮೊಟ್ಟೆಯ ಅಗಲದ ತುದಿಯ ಗಾಳಿಚೀಲವನ್ನು ಚುಚ್ಚಿ ಮೊದಲ ಉಸಿರು ಎಳೆಯುತ್ತದೆ. ಉಳಿದ ಹಳದಿ ಲೋಳೆಯನ್ನು ಹೊಟ್ಟೆಯೊಳಗೆ ಸೆಳೆದುಕೊಳ್ಳುತ್ತದೆ. ಕೊಕ್ಕಿನ ಮೇಲಿನ ಸಣ್ಣ ಹಲ್ಲಿನಂಥ ಮೊನೆಯಿಂದ ಚಿಪ್ಪು ಒಡೆಯುತ್ತದೆ. ಕರುಣೆಯಿಂದ ಚಿಪ್ಪು ಸುಲಿದು ನೆರವಾಗಲು ಹೋದರೆ ನರ ಹರಿದು ಮರಿ ಸಾಯುವುದುಂಟು. ಇಲ್ಲಿ ಕೈಕಟ್ಟಿ ಕೂರುವುದೇ ನೆರವು.

ಹೊಟ್ಟೆಯಲ್ಲಿ ಹಳದಿ ಲೋಳೆ ಉಳಿದಿರುವುದರಿಂದ ಹುಟ್ಟಿದ ಮರಿ ಎರಡು ದಿನ ಏನೂ ತಿನ್ನದೆ ಇರಬಲ್ಲದು. ಮೊದಲು ಹುಟ್ಟಿದ ಮರಿ ಕೊನೆಯ ಮರಿ ಬರುವವರೆಗೆ ತಾಯಿಯ ರೆಕ್ಕೆಯಡಿ ಕಾಯಲೆಂದು ನಿಸರ್ಗ ಕೊಟ್ಟ ಬುತ್ತಿ ಅದು. ಈ ಬುತ್ತಿ ಮುಂದೆ ಯಾರ ಪಾಲಾಯಿತು ಎಂಬುದು ಬೇರೆಯೇ ಕಥೆ.

ಈಜಿಪ್ಟಿನ ಒಲೆಗಳು

ಕೋಳಿಯಿಲ್ಲದೆ ಮರಿ ಮಾಡುವ ಆಸೆ ಹಳೆಯದು. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಮೊಟ್ಟೆಯೊಳಗಿನ ಬೆಳವಣಿಗೆಯನ್ನು ದಿನಗಳ ಲೆಕ್ಕದಲ್ಲಿ ವರ್ಣಿಸಿದ್ದಾನೆ. ಮೂರು ಹಗಲು ಮೂರು ರಾತ್ರಿ ಕಳೆದ ಮೇಲೆ ಕಾಣುವ, ಮಿಡಿಯುವ ರಕ್ತದ ಬಿಂದುವೇ ಹೃದಯವೆಂದು ಗುರುತಿಸಿದವನು ಅವನು. ಈಜಿಪ್ಟಿನವರು ಮೊಟ್ಟೆಗಳನ್ನು ಗೊಬ್ಬರದಲ್ಲಿ ಹೂತು ಮರಿ ಮಾಡುತ್ತಾರೆಂದೂ ಅವನು ಬರೆದಿದ್ದಾನೆ. ಮುಂದೆ ಅಲ್ಲಿ ಮಣ್ಣಿನ ಇಟ್ಟಿಗೆಯ ದೊಡ್ಡ ಒಲೆಮನೆಗಳು ಬಂದವು. ಒಂದೊಂದರಲ್ಲೂ ಸಾವಿರಾರು ಮೊಟ್ಟೆ. ಉರಿಸಲು ಸಗಣಿ ಮತ್ತು ಹುಲ್ಲು. ಉಷ್ಣಮಾಪಕ ಇಲ್ಲದ ಕಾಲದಲ್ಲಿ ಕೆಲಸಗಾರರು ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಬಿಸಿಯ ಹದ ತಿಳಿಯುತ್ತಿದ್ದರು. ಈ ವಿದ್ಯೆ ಕೆಲವೇ ಮನೆತನಗಳ ಸೊತ್ತಾಗಿ, ತಂದೆಯಿಂದ ಮಗನಿಗೆ ಇಳಿದು ಬರುತ್ತಿತ್ತು.

ಫ್ರಾನ್ಸಿನ ವಿಜ್ಞಾನಿ ರೆಯೋಮ್ಯೂರ್ ಇದನ್ನು ಯುರೋಪಿಗೆ ತರಲು ಹಟ ತೊಟ್ಟು, ಗೊಬ್ಬರದ ಕಾವು ಮತ್ತು ಉಷ್ಣಮಾಪಕ ಬಳಸಿ ಪ್ರಯೋಗ ನಡೆಸಿ 1749ರಲ್ಲಿ ಗ್ರಂಥವನ್ನೇ ಬರೆದ. ಆದರೆ ಕಾವು ದೊಡ್ಡ ವ್ಯಾಪಾರವಾದದ್ದು ಅಮೆರಿಕದಲ್ಲಿ. 1879ರಲ್ಲಿ ಕ್ಯಾಲಿಫೋರ್ನಿಯಾದ ಪೆಟಲೂಮಾ ಊರಿನಲ್ಲಿ ಲೈಮನ್ ಬೈಸ್ ಕಾವಿನ ಪೆಟ್ಟಿಗೆಯನ್ನು ರೂಪಿಸಿದ ಮೇಲೆ ಆ ಊರು ಮೊಟ್ಟೆಯ ರಾಜಧಾನಿ ಎನಿಸಿಕೊಂಡಿತು. 1892ರಲ್ಲಿ ನ್ಯೂಜೆರ್ಸಿಯ ಜೋಸೆಫ್ ವಿಲ್ಸನ್ ಒಂದು ದಿನದ ಮರಿಗಳನ್ನು ಪೆಟ್ಟಿಗೆಯಲ್ಲಿಟ್ಟು ದೂರದ ಊರಿಗೆ ಕಳಿಸಿದ. 1918ರಿಂದ ಅಮೆರಿಕದ ಅಂಚೆ ಇಲಾಖೆಯೂ ಮರಿಗಳನ್ನು ಸಾಗಿಸತೊಡಗಿತು. ದಾರಿಯಲ್ಲಿ ಮರಿಗಳಿಗೆ ಊಟ ಬೇಕಿರಲಿಲ್ಲ. ತಾಯಿಯ ರೆಕ್ಕೆಯಡಿ ಕಾಯಲೆಂದು ನಿಸರ್ಗ ಕೊಟ್ಟ ಬುತ್ತಿ ವ್ಯಾಪಾರಿಯ ಸಾಗಣೆಗೆ ಒದಗಿತು.

ಯಂತ್ರ ಮರಿ ಮಾಡತೊಡಗಿದ ಮೇಲೆ ಕಾವಿಗೆ ಕೂರುವ ಕೋಳಿ ಸಾಕುವವನಿಗೆ ನಷ್ಟವಾಗಿ ಕಂಡಿತು. ಕೂತ ಮೂರು ವಾರ, ಮರಿ ಕಾಯುವ ಮುಂದಿನ ಆರೆಂಟು ವಾರ ಅದು ಮೊಟ್ಟೆ ಇಡುವುದಿಲ್ಲ. ಆದ್ದರಿಂದ ಕೂರದ ಕೋಳಿಗಳನ್ನೇ ಆರಿಸಿ ತಳಿ ಬೆಳೆಸಲಾಯಿತು. ಬಿಳಿ ಲೆಗ್‌ಹಾರ್ನ್ ಅದರ ಪ್ರಸಿದ್ಧ ಉದಾಹರಣೆ. ಅದರಿಂದ ಬಂದ ಇಂದಿನ ಫಾರಂ ಕೋಳಿ ವರ್ಷಕ್ಕೆ 300 ಮೊಟ್ಟೆ ಇಡುತ್ತದೆ. ಜವಾರಿ ಹೇಂಟೆಯದು ವರ್ಷಕ್ಕೆ 50–60. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟರೆ ಜವಾರಿ ಕೋಳಿ ಸೋತಂತೆ ಕಾಣುತ್ತದೆ. ಆದರೆ 300 ಮೊಟ್ಟೆ ಇಟ್ಟ ಕೋಳಿಯ ಜಾಗಕ್ಕೆ ಮುಂದಿನ ಕೋಳಿ ಬರಬೇಕಾದರೆ ಹ್ಯಾಚರಿ ಬೇಕು, ಕರೆಂಟು ಬೇಕು, ಲಾರಿ ಬೇಕು, ಕೈಯಲ್ಲಿ ದುಡ್ಡು ಬೇಕು. ಜವಾರಿ ಹೇಂಟೆಯ ಜಾಗಕ್ಕೆ ಬರುವುದು ಅದರದೇ ಮರಿ.

ಹೆಂಗಸರ ಗಂಟು

ಹಳ್ಳಿಯ ಮನೆಯಲ್ಲಿ ಎತ್ತು ಗಂಡಸಿನದಾದರೆ ಕೋಳಿ ಬಹುತೇಕ ಹೆಂಗಸಿನದು. ಕಾಳು ಹಾಕುವವಳು, ಸಂಜೆ ಬುಟ್ಟಿ ಮುಚ್ಚುವವಳು, ಮಾರಿದ ದುಡ್ಡನ್ನು ಸೆರಗಿನಲ್ಲಿ ಕಟ್ಟಿಕೊಳ್ಳುವವಳು ಅವಳೇ. ಹೊಲವಿಲ್ಲದವಳೂ ಕೋಳಿ ಸಾಕಬಲ್ಲಳು. ಹೇಂಟೆ ಕೊಳ್ಳಲು ದುಡ್ಡಿಲ್ಲದಿದ್ದರೆ ಪಾಲಿಗೆ ಸಾಕುವ ಪದ್ಧತಿಯುಂಟು: ಕೋಳಿ ಒಬ್ಬರದು, ಆರೈಕೆ ಇನ್ನೊಬ್ಬರದು, ಮರಿಗಳಲ್ಲಿ ಅರ್ಧರ್ಧ. ಇಲ್ಲಿ ಬಡ್ಡಿಯಾಗಿ ಹುಟ್ಟುವುದೇ ಮರಿ. ಕಾವಿಗೆ ಕೂರದ ಕೋಳಿಯನ್ನು ಪಾಲಿಗೆ ಕೊಟ್ಟು ಏನು ಪ್ರಯೋಜನ?

ಹೀಗಾಗಿ ಪ್ರತಿ ತತ್ತಿಯೂ ಒಂದು ತೀರ್ಮಾನವನ್ನು ಬೇಡುತ್ತದೆ. ತಿನ್ನುವುದೋ, ಸಂತೆಗೆ ಒಯ್ಯುವುದೋ, ಕಾವಿಗೆ ಇಡುವುದೋ? ಈ ತೀರ್ಮಾನ ಬೇರೆಯವರ ಕೈಗೆ ಹೋದ ಕಾಲವೂ ಇತ್ತು. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮರಿಗೆ ಒಪ್ಪಿಸಿದರು. ಆ ಹೈದರಾಬಾದ್ ಸಂಸ್ಥಾನದಲ್ಲಿ, ಅದರಲ್ಲೂ ತೆಲಂಗಾಣದ ಹಳ್ಳಿಗಳಲ್ಲಿ, ವೆಟ್ಟಿ ಎಂಬ ಬಿಟ್ಟಿ ಪದ್ಧತಿಯಿತ್ತು. ಕ್ಯಾಂಪಿಗೆ ಬಂದ ಅಧಿಕಾರಿಗಳಿಗೆ, ಊರಿನ ಧಣಿಗಳಿಗೆ ಬಡವರು ಕೋಳಿ ಮತ್ತು ಮೊಟ್ಟೆಗಳನ್ನು ಬಿಟ್ಟಿಯಾಗಿ ಒಪ್ಪಿಸಬೇಕಿತ್ತು. ಕೊಂಡೊಯ್ದವರಿಗೆ ಅದು ಒಂದು ಹೊತ್ತಿನ ಊಟ. ಕೊಟ್ಟವಳಿಗೆ ಮುಂದಿನ ವರ್ಷದ ಕೋಳಿಗಳೇ ಇಲ್ಲವಾದಂತೆ.

ಇಷ್ಟು ಬೆಲೆಯ ಬುಟ್ಟಿಯ ಸುತ್ತ ನಂಬಿಕೆಗಳು ಬೆಳೆದದ್ದು ಸಹಜವೇ. ಗುಡುಗು ಸಿಡಿಲಿಗೆ ಕಾವಿನ ಮೊಟ್ಟೆ ಕೆಡುತ್ತದೆಂದು ಬುಟ್ಟಿಯಲ್ಲಿ ಕಬ್ಬಿಣದ ಚೂರು ಅಥವಾ ಇದ್ದಿಲು ಇಡುವ ರೂಢಿ ಭಾರತದ ಅನೇಕ ಹಳ್ಳಿಗಳಲ್ಲಿದೆ. ಕಬ್ಬಿಣಕ್ಕೆ ಆ ಶಕ್ತಿಯಿಲ್ಲ. ಆದರೆ ಬುಟ್ಟಿಯನ್ನು ಯಾರೂ ಅಲುಗಿಸಬಾರದು, ಅದು ಕಾಪಾಡಬೇಕಾದ ವಸ್ತು ಎಂಬ ಎಚ್ಚರವನ್ನು ಅದು ಮನೆಮಂದಿಗೆ ಕೊಡುತ್ತದೆ.

ಮರಿ ಹೊರಬಂದ ಮೇಲೂ ತಾಯಿಯ ಕೆಲಸ ಮುಗಿಯದು. ಕಾಳು ಕಂಡ ಕೋಳಿ ತನ್ನ ಕುಲವನ್ನು ಕೂಗಿ ಕರೆಯುವ ಚಿತ್ರ 12ನೇ ಶತಮಾನದ ಬಸವಣ್ಣನವರ ವಚನವೊಂದರಲ್ಲಿ ಬರುತ್ತದೆ. ಹದ್ದಿನ ನೆರಳು ಕಂಡರೆ ಕೂಗುವುದನ್ನು, ತಿಪ್ಪೆ ಕೆದರಿ ಹುಳು ತೋರಿಸುವುದನ್ನು ಯಂತ್ರ ಮಾಡಲಾರದು.

ಗಿರಿರಾಜನಿಗೂ ಜವಾರಿಯ ಮಡಿಲು

ಹಳ್ಳಿಯ ಹಿತ್ತಿಲಿಗೇ ಹೊಂದುವ, ಹೆಚ್ಚು ಮೊಟ್ಟೆ ಮತ್ತು ಮಾಂಸ ಕೊಡುವ ಕೋಳಿ ಬೇಕೆಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹೆಬ್ಬಾಳದಲ್ಲಿ ಗಿರಿರಾಜ ತಳಿಯನ್ನು ರೂಪಿಸಿ 1989ರಲ್ಲಿ ಬಿಡುಗಡೆ ಮಾಡಿದರು. ಬಣ್ಣದ ಗರಿ, ಗಟ್ಟಿ ದೇಹ, ವರ್ಷಕ್ಕೆ ಸುಮಾರು 140 ಮೊಟ್ಟೆ. 2004ರಲ್ಲಿ ಬೀದರ್‌ನಲ್ಲಿ ಪಶು ವಿಶ್ವವಿದ್ಯಾಲಯ ಆರಂಭವಾದ ಮೇಲೆ 2005ರಲ್ಲಿ ಸ್ವರ್ಣಧಾರ ಬಂತು. ಬಡ ಕುಟುಂಬಗಳ ತಟ್ಟೆಗೆ ಮೊಟ್ಟೆ ತಂದ ಈ ತಳಿಗಳ ಉಪಕಾರ ಸಣ್ಣದಲ್ಲ.

ಆದರೆ ಇವುಗಳಲ್ಲಿ ಕಾವಿಗೆ ಕೂರುವ ಗುಣ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಇವುಗಳ ಮೊಟ್ಟೆಯನ್ನು ಮನೆಯಲ್ಲೇ ಮರಿ ಮಾಡಿಸಬೇಕಾದವರು ಜವಾರಿ ಹೇಂಟೆಯ ಅಡಿಯಲ್ಲೇ ಇಡಬೇಕು. ಮಿಶ್ರ ತಳಿಯಾದ್ದರಿಂದ ಹುಟ್ಟುವ ಮರಿಗಳಲ್ಲಿ ತಾಯಿಯ ಗುಣವೆಲ್ಲ ಬರುತ್ತದೆಂಬ ಭರವಸೆಯೂ ಇಲ್ಲ. ಜವಾರಿ ಕೋಳಿಯನ್ನು ಪೂರ್ತಿ ಬಿಟ್ಟ ಮನೆ ಪ್ರತಿ ಸಲವೂ ಮರಿಗಾಗಿ ಇಲಾಖೆಯ ಬಾಗಿಲನ್ನೋ ವ್ಯಾಪಾರಿಯ ಬಾಗಿಲನ್ನೋ ಕಾಯಬೇಕಾಗುತ್ತದೆ.

ಈಗ ಥರ್ಮೋಕೋಲ್ ಪೆಟ್ಟಿಗೆ, ಬಲ್ಬು, ಥರ್ಮೋಸ್ಟಾಟ್ ಸೇರಿಸಿ ಮನೆಯಲ್ಲೇ ಮರಿ ಮಾಡುವವರೂ ಇದ್ದಾರೆ. ಪೆಟ್ಟಿಗೆಯೊಳಗೆ 37.5 ಡಿಗ್ರಿ ಬಿಸಿ ಇರಬೇಕು, ತೇವಕ್ಕೆ ನೀರಿನ ಬಟ್ಟಲು ಇರಬೇಕು, 18ನೆಯ ದಿನದವರೆಗೆ ದಿನಕ್ಕೆ ಹಲವು ಬಾರಿ ಮೊಟ್ಟೆ ಹೊರಳಿಸಬೇಕು, ಆಮೇಲೆ ಮುಟ್ಟದೆ ತೇವ ಹೆಚ್ಚಿಸಬೇಕು. ಕರೆಂಟು ಹೋದರೆ ಕಂಬಳಿ ಹೊದಿಸಬೇಕು. ಹೇಂಟೆಯೊಂದು ಕಲಿಯದೆ ಮಾಡುವ ಕೆಲಸಕ್ಕೆ ಮನುಷ್ಯನಿಗೆ ಬೇಕಾದ ಎಚ್ಚರ ಇಷ್ಟು!

ಜವಾರಿಯ ಕಷ್ಟಗಳನ್ನೂ ಮರೆಯುವಂತಿಲ್ಲ. ಹದ್ದು, ಬೆಕ್ಕು, ಮುಂಗುಸಿಗೆ ಬಲಿಯಾಗಿ, ಕೊಕ್ಕರೆ ರೋಗ ಬಂದಾಗ ಗುಂಪುಗುಂಪಾಗಿ ಸತ್ತು, ಹುಟ್ಟಿದ ಮರಿಗಳಲ್ಲಿ ಬೆಳೆದು ದೊಡ್ಡದಾಗುವವು ಎಷ್ಟೋ ಸಲ ಅರ್ಧಕ್ಕೂ ಕಡಿಮೆ. ಹೊತ್ತಿಗೆ ಸರಿಯಾಗಿ ಲಸಿಕೆ ಹಾಕಿಸಿ, ಮೊದಲ ವಾರಗಳಲ್ಲಿ ಮರಿಗಳನ್ನು ಬುಟ್ಟಿಯಡಿ ಕಾಪಾಡಿದರೆ ತಳಿ ಬದಲಿಸದೆಯೇ ಕೋಳಿಗಳ ಸಂಖ್ಯೆ ಹೆಚ್ಚುತ್ತದೆ.

ಹಿತ್ತಿಲ ಕೋಳಿಯ ಕಾಲ ಮುಗಿಯಿತು ಎಂದವರ ಮಾತನ್ನು 2019ರ ಜಾನುವಾರು ಗಣತಿ ಸುಳ್ಳಾಗಿಸಿತು. ಹಿಂದಿನ ಗಣತಿಗಿಂತ ದೇಶದಲ್ಲಿ ಹಿತ್ತಿಲ ಕೋಳಿಗಳು ಸುಮಾರು ಶೇಕಡ 46ರಷ್ಟು ಹೆಚ್ಚಿ, ಸಂಖ್ಯೆ 31.7 ಕೋಟಿಗೆ ಏರಿತ್ತು. ಆ ಲೆಕ್ಕದಲ್ಲಿ ಸುಧಾರಿತ ತಳಿಗಳೂ ಇವೆ. ಎಷ್ಟು ಕೋಳಿ ಎಂಬಷ್ಟೇ ಮುಖ್ಯವಾದ ಪ್ರಶ್ನೆ, ಅವುಗಳಲ್ಲಿ ಕಾವಿಗೆ ಕೂರುವವು ಎಷ್ಟು ಎಂಬುದು.

ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ ಎಂದು ಡಾರ್ವಿನ್ ಹೇಳಿದ್ದ. ಆದರೆ ಅದರ ಕಾಲಿನ ಹಳದಿ ಬಣ್ಣ ದಕ್ಷಿಣ ಭಾರತದ ಕಾಡುಗಳಲ್ಲಿರುವ ಬೂದು ಕಾಡುಕೋಳಿಯಿಂದ ಬಂದದ್ದು ಎಂದು 2008ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ತೋರಿಸಿತು. ಓಣಿಯಲ್ಲಿ ಓಡಾಡುವ ಹಳದಿ ಕಾಲಿನ ಹೇಂಟೆಯಲ್ಲಿ ಈ ನೆಲದ ಕಾಡಿನ ಗುರುತಿದೆ. ಕಾವಿಗೆ ಕೂರುವ ಗುಣವೂ ಹೀಗೆ ಕಾಡಿನಿಂದ ಬಂದ ಬಳುವಳಿ. ಒಮ್ಮೆ ತಳಿಯಿಂದ ತೆಗೆದುಹಾಕಿದರೆ ಅದನ್ನು ಸಂತೆಯಲ್ಲಿ ಕೊಂಡು ತರಲಾಗದು. ಸುರಪುರದ ಮನೆಯ ಬುಟ್ಟಿಯಲ್ಲಿ ಅದಿನ್ನೂ ಖರ್ಚಿಲ್ಲದೆ ಉಳಿದಿದೆ. ಅಲ್ಲಿ ಹನ್ನೆರಡು ತತ್ತಿಗಳ ಮೇಲೆ ಕೂತ ಹೇಂಟೆ ಆ ಮೂರು ವಾರ ಒಂದೂ ಮೊಟ್ಟೆ ಇಡುವುದಿಲ್ಲ, ನಿಜ. ಅದು ಮಾಡುತ್ತಿರುವುದು ಮುಂದಿನ ಕೋಳಿಗಳನ್ನು.